ಫ್ಲೋರೈಡ್: ಒಟ್ಟಿಗೆ ಬನ್ನಿ

ಮಾನ್ಯರೆ,

ಗದಗ ಜಿಲ್ಲೆಯ ಮುಂಡರಗಿ ಕಡೆಯ ನಮ್ಮೂರಿನ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ. ನಮ್ಮ ಸೋದರಮಾವನಿಗಂತೂ ಮಂಡಿ ಮಡಚಿ ಪಂಕ್ತಿಗೆ ಕೂರಲಾಗದು. ಎರಡಕ್ಕೂ ಕಾರಣ ಬಂಡೆಯಿಂದ ಕೊಳವೆಬಾವಿ ನೀರಿಗೆ ಸೇರುವ ಫ್ಲೋರೈಡ್ ಎಂಬ ಲವಣಾಂಶ. ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ಎಲ್ಲರಿಗೂ ಗೊತ್ತು.

ಫ್ಲೋರೈಡ್ ಬಿಡುವ ಬಂಡೆ ಭೂವಿಜ್ಞಾನಿಯ ವಿಷಯ, ಮಂಡಿ ವೈದ್ಯರದು, ಅಂತರ್ಜಲ ಹೀರುವ ಬೆಳೆ ಕೃಷಿತಜ್ಞರದು. ಆದರೆ ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನ್ ತರುವ ಮನೆಯಲ್ಲೇ ಬೇಳೆ ಬೇಯುವುದು ಕೊಳವೆಬಾವಿ ನೀರಿನಲ್ಲಿ! ಇದು ಯಾರ ವಿಷಯ? ಒಲೆಯ ಮುಂದೆ ಕೂತು ಕೇಳುವ ಸಮಾಜಶಾಸ್ತ್ರಜ್ಞರೂ ಬೇಕು.

ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, 2016ರಿಂದ ಐಐಟಿಯೂ ಇವೆ. ಎಲ್ಲರೂ ಒಂದೇ ಜೀಪಿನಲ್ಲಿ ಬಂದು, ಒಂದೇ ಊರನ್ನು ವರ್ಷವಿಡೀ ನೋಡಲಿ. ಊಟದ ವ್ಯವಸ್ಥೆ ನಮ್ಮದು. ನೀರು ಮಾತ್ರ ನೀವೇ ತನ್ನಿ.

– ಓದುಗ, ಮುಂಡರಗಿ ತಾಲ್ಲೂಕು