ಗೆಳೆಯನಿಗೊಂದು ಪತ್ರ: ಒಂದು ಸ್ಟೇಕ್, ನಾಲ್ಕು ಆಲೂಗೆಡ್ಡೆ

ಪ್ರೀತಿಯ ಡಾಕ್ಟ್ರೇ,

ನಿನಗೊಬ್ಬನಿಗೇ ಕಳಿಸಿದರೆ ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗಿಬಿಡುತ್ತೀಯ. ಅದಕ್ಕೇ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ. ಈಗ ನೀನು ಉತ್ತರ ಕೊಡಲೇಬೇಕು. ಕಾಯುವವರು ನಾನೊಬ್ಬನೇ ಅಲ್ಲ.

ಐರ್ಲೆಂಡಿನ ಈ ಡಬ್ಲಿನ್‌ನಲ್ಲಿ ಇವತ್ತು ಬೆಳಗಿನಿಂದ ಜಡಿ ಮಳೆ. ಜುಲೈ ತಿಂಗಳು, ಇಲ್ಲಿಯವರ ಲೆಕ್ಕದಲ್ಲಿ ಬೇಸಿಗೆ. ಆಫೀಸಿನಿಂದ ಮನೆಗೆ ಬರುವಷ್ಟರಲ್ಲಿ ಶೂ ಒಳಗೆಲ್ಲ ನೀರು. ಇಂಥ ದಿನ ನನಗೆ ಬೇರೆ ಏನೂ ಬೇಡ. ಬೆರಳು ದಪ್ಪದ ಒಂದು ಸ್ಟೇಕ್, ಅಂದರೆ ಕಾವಲಿಯಲ್ಲಿ ಕೆಂಪಗೆ ಮಾಡಿದ ಬೀಫ್ ತುಂಡು, ಪಕ್ಕದಲ್ಲಿ ಬೆಣ್ಣೆ ಹಾಕಿ ಮಸೆದ ಬಿಸಿ ಬಿಸಿ ಆಲೂಗೆಡ್ಡೆ. ತಟ್ಟೆ ಹಿಡಿದು ಕಿಟಕಿ ಪಕ್ಕ ಕೂತರೆ ಮಳೆ ಹೊರಗಡೆಯೇ ಉಳಿಯುತ್ತದೆ.

ಇದು ನೀನು ಕಲಿಸಿದ ಅಡುಗೆ. ಬೆಂಗಳೂರಿನ ಲಿಂಗರಾಜಪುರದ ಆ ರೂಮಿನಲ್ಲಿ ಭಾನುವಾರ ನಾನು ಏಳುವ ಮೊದಲೇ ನೀನು ಶಿವಾಜಿನಗರಕ್ಕೆ ಹೋಗಿ ಅರ್ಧ ಕೆಜಿ ಅಂಡರ್‌ಕಟ್, ಬೀಫಿನ ಮೆತ್ತನೆಯ ಭಾಗ, ತಂದಿರುತ್ತಿದ್ದೆ. ಓನರ್ ಆಂಟಿಯ ಬೀಡಿನ ದೋಸೆ ಕಾವಲಿಯ ಮೇಲೆ ಅದನ್ನು ಇಟ್ಟು, ನಾನು ಚಮಚ ಹಿಡಿದು ಮುಂದೆ ಬಂದರೆ ಕೈಗೆ ಹೊಡೆಯುತ್ತಿದ್ದೆ. "ಮುಟ್ಟಬೇಡ ಮಾರಾಯ, ಆದಾಗ ಅದೇ ಬಿಡ್ತದೆ." ಎಷ್ಟು ಸರಿಯಾದ ಮಾತು ಅಂತ ಈಗ ಗೊತ್ತಾಗುತ್ತಿದೆ. ಕೆಳಗಡೆ ಚೆನ್ನಾಗಿ ಕೆಂಪಾಗುವವರೆಗೆ ಮಾಂಸ ಕಾವಲಿಗೆ ಅಂಟಿಕೊಂಡಿರುತ್ತದೆ. ಆದ ಕೂಡಲೇ ತಾನಾಗಿ ಬಿಟ್ಟುಕೊಡುತ್ತದೆ. ನಮ್ಮ ದೋಸೆಯೂ ಹಾಗೇ ಅಲ್ವಾ?

ಆ ಭಾನುವಾರಗಳಲ್ಲಿ ಅಮ್ಮ ಫೋನ್ ಮಾಡಿ "ಏನು ತಿಂದೆ" ಅಂದರೆ "ಮಟನ್" ಅನ್ನುತ್ತಿದ್ದೆ. ಇವತ್ತಿಗೂ ಮಟನ್ ಅಂತಲೇ ಹೇಳುತ್ತೇನೆ. ನಮ್ಮ ಊರಿನ ಹುಡುಗರು ಇದನ್ನು ಓದುತ್ತಾರೆ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ಅವರು ಹೇಳುವ ಮೊದಲು ನಾನೇ ಹೇಳಬೇಕು.

ಇರಲಿ, ಅಡುಗೆಗೆ ಬರ್ತೀನಿ. ಇಲ್ಲಿ ಜನರಿಗಿಂತ ದನಗಳೇ ಜಾಸ್ತಿ, ವರ್ಷವಿಡೀ ಹಸಿರು ಹುಲ್ಲು. ಹಾಗಾಗಿ ಮಾಂಸ ತುಂಬಾ ಚೆನ್ನಾಗಿರುತ್ತದೆ. ನಾನು ತರುವುದು ಸ್ಟ್ರಿಪ್‌ಲಾಯಿನ್. ಒಂದು ಅಂಚಿನಲ್ಲಿ ಬಿಳಿ ಕೊಬ್ಬಿನ ಪಟ್ಟಿ ಇರುತ್ತದಲ್ಲ, ಅದು. ಬೆಳಿಗ್ಗೆಯೇ ಎರಡೂ ಕಡೆ ಉಪ್ಪು ಸವರಿ, ಮುಚ್ಚದೆ ಫ್ರಿಜ್‌ನಲ್ಲಿ ಇಡುತ್ತೇನೆ. ಸಂಜೆ ತೆಗೆದು ಪೇಪರ್‌ನಿಂದ ಒತ್ತಿ ಒತ್ತಿ ಒರೆಸುತ್ತೇನೆ. ನಾವು ಆಗ ಮಾಡದೆ ಬಿಟ್ಟಿದ್ದ ಕೆಲಸ ಇದೊಂದೇ. ಮೇಲೆ ನೀರಿದ್ದರೆ ಮಾಂಸ ಬೇಯುತ್ತದೆ, ಕೆಂಪಾಗುವುದಿಲ್ಲ. ನೀರು 100 ಡಿಗ್ರಿ ದಾಟುವುದಿಲ್ಲ, ಕೆಂಪಾಗಲು ಸುಮಾರು 140 ಡಿಗ್ರಿ ಬೇಕು. ಈರುಳ್ಳಿ ಹುರಿದಾಗ, ಕೊಬ್ಬರಿ ಹುರಿದಾಗ ಬರುವ ಘಮದ ಜಾತಿಯೇ ಇದು. 1912ರಲ್ಲಿ ಮಯಾರ್ ಎನ್ನುವ ಫ್ರೆಂಚ್ ವಿಜ್ಞಾನಿ ಇದನ್ನು ಮೊದಲು ವಿವರಿಸಿದರಂತೆ. ನಮ್ಮ ಅಜ್ಜಿಯರಿಗೆ ಮೂಗಿನಲ್ಲೇ ಗೊತ್ತಿತ್ತು.

ಕಾವಲಿ ಹೊಗೆಯಾಡಬೇಕು. ಕೊಬ್ಬಿನ ಅಂಚನ್ನು ಮೊದಲು ನಿಲ್ಲಿಸಿ ಕರಗಿಸಿ, ಆಮೇಲೆ ಮಲಗಿಸಬೇಕು. ಕೊನೆಯ ಒಂದು ನಿಮಿಷ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ. ಕರಗಿದ ಬೆಣ್ಣೆಯನ್ನು ಚಮಚದಲ್ಲಿ ಮೇಲೆ ಸುರಿಯುತ್ತಾ ಇರುವುದು. ಒಳಗೆ 55 ಡಿಗ್ರಿ ಆದರೆ ನನಗೆ ಸಾಕು. ನೀನಾದರೆ ಇನ್ನೂ ಬೇಯಿಸುತ್ತಿದ್ದೆ, ಗೊತ್ತು. ಇಳಿಸಿದ ಮೇಲೆ ಏಳೆಂಟು ನಿಮಿಷ ಸುಮ್ನೆ ಬಿಡಬೇಕು. ತಟ್ಟೆಗೆ ಇಳಿಯುವ ಕೆಂಪು ನೀರು ರಕ್ತವಲ್ಲ, ಮಾಂಸದ ಬಣ್ಣ ಅದು, ಮಯೋಗ್ಲೋಬಿನ್. ಅದನ್ನು ಆಲೂಗೆಡ್ಡೆಗೆ ಬೆರೆಸಿಕೊಂಡರೆ ಬೇರೆ ಸಾರು ಬೇಕಿಲ್ಲ.

ಆಲೂಗೆಡ್ಡೆ ವಿಷಯ ನಿನಗಿಂತ ನನಗೆ ಚೆನ್ನಾಗಿ ಗೊತ್ತು. ಇಲ್ಲಿ ರೂಸ್ಟರ್ ಅಂತ ಒಂದು ತಳಿ. ಕೆಂಪು ಸಿಪ್ಪೆ, ಒಳಗೆ ತಿಳಿ ಹಳದಿ. ಬೆಂದರೆ ಹಿಟ್ಟು ಹಿಟ್ಟಾಗಿ ಬಿರಿಯುತ್ತದೆ. ತಣ್ಣೀರಿಗೇ ಹಾಕಿ ಉಪ್ಪು ಬೆರೆಸಿ ಬೇಯಲು ಇಡಬೇಕು. ನೀರು ಬಸಿದು, ಅದೇ ಬಿಸಿ ಪಾತ್ರೆಯಲ್ಲಿ ಎರಡು ನಿಮಿಷ ಹಬೆ ಹೋಗಲು ಬಿಡಬೇಕು. ಮಸ್ಸೊಪ್ಪಿಗೆ ಮಸೆಯುವ ಹಾಗೆ ಕೈಯಲ್ಲೇ ಮಸೆದು, ಮೊದಲು ಬೆಣ್ಣೆ, ಆಮೇಲೆ ಬಿಸಿ ಹಾಲು. ಮಿಕ್ಸಿಗೆ ಮಾತ್ರ ಹಾಕಬೇಡ. ಪಿಷ್ಟ ಒಡೆದು ಗೋಂದಾಗುತ್ತದೆ.

ಇವತ್ತು ಸಿಪ್ಪೆ ಸುಲಿದು ಹೆಚ್ಚುತ್ತಿದ್ದೆ. ಚಾಕು ಒಂದು ಕಡೆ ನಿಂತುಬಿಟ್ಟಿತು. ನೋಡಿದರೆ ನನ್ನ ಕೈ ಆಲೂಗೆಡ್ಡೆಯ ಕಣ್ಣು ಹುಡುಕುತ್ತಿತ್ತು. ಸಿಪ್ಪೆ ತೆಗೆದ ಮೇಲೆ ಎಲ್ಲಿಯ ಕಣ್ಣು ಹೇಳು. ಚಿಕ್ಕಂದಿನಲ್ಲಿ ಮೇ ತಿಂಗಳು ಬಂದರೆ ಜಲಂಧರದಿಂದ ಲಾರಿಯಲ್ಲಿ ಬಿತ್ತನೆ ಗೆಡ್ಡೆ ಹಾಸನಕ್ಕೆ ಬರುತ್ತಿತ್ತು. ಅಪ್ಪ ಎಪಿಎಂಸಿಯಲ್ಲಿ ರಾತ್ರಿಯಿಡೀ ಸರದಿ ನಿಂತು ಕುಫ್ರಿ ಜ್ಯೋತಿ ಮೂಟೆ ತರುತ್ತಿದ್ದರು. ಅಮ್ಮ, ದೊಡ್ಡಮ್ಮ, ಪಕ್ಕದ ಮನೆಯವರು ಜಗಲಿ ಮೇಲೆ ಸಾಲಾಗಿ ಕೂತು ಹೆಚ್ಚುತ್ತಿದ್ದರು. ನಾನೂ ಕೂರುತ್ತಿದ್ದೆ. ಅಮ್ಮ ಹೇಳಿಕೊಟ್ಟದ್ದು ಒಂದೇ ಮಾತು. "ಒಂದು ಹೋಳಿಗೆ ಒಂದು ಕಣ್ಣಾದ್ರೂ ಇರ್ಬೇಕು ಮಗ. ಕಣ್ಣಿಲ್ಲದ್ದು ಮೊಳೆಯಲ್ಲ."

ಚಾಕು ಕೆಳಗಿಟ್ಟು ಕೈ ಒರೆಸಿಕೊಂಡು ಫೋನ್ ನೋಡಿದೆ. ಇಲ್ಲಿಯ ಹವಾಮಾನ ಇಲಾಖೆಯ ಸಂದೇಶ ಬಂದಿತ್ತು. ಹಳದಿ ಎಚ್ಚರಿಕೆ. ಗಾಳಿಗಲ್ಲ, ಮಳೆಗಲ್ಲ, ಆಲೂಗೆಡ್ಡೆಗೆ. ಬ್ಲೈಟ್ ಬರುವ ಹವೆ ಇದೆ, ರೈತರು ಹುಷಾರಾಗಿರಿ ಅಂತ. ಗಾಳಿಯಲ್ಲಿ ತೇವ ಶೇ. 90ಕ್ಕಿಂತ ಹೆಚ್ಚಿದ್ದು, 10 ಡಿಗ್ರಿಗಿಂತ ಬೆಚ್ಚಗೆ ಗಂಟೆಗಟ್ಟಲೆ ಹಾಗೇ ಇದ್ದರೆ ರೋಗ ಹಬ್ಬುತ್ತದೆ. ಅದನ್ನೇ ಲೆಕ್ಕ ಹಾಕಿ ಇಡೀ ದೇಶಕ್ಕೆ ಹೇಳುತ್ತಾರೆ.

ಬ್ಲೈಟ್ ಅಂದರೆ ನಮ್ಮ ಅಂಗಮಾರಿ ಕಣೋ.

ಇದು ನನಗೆ ಗೊತ್ತಾಗಿ ತುಂಬಾ ದಿನ ಆಗಿಲ್ಲ. ಆಫೀಸಿಗೆ ಹೋಗುವ ದಾರಿಯಲ್ಲಿ ಲಿಫಿ ನದಿಯ ದಂಡೆ, ಕಸ್ಟಮ್ ಹೌಸ್ ಕೀ ಅಂತ. ಅಲ್ಲಿ ಕಂಚಿನ ಪ್ರತಿಮೆಗಳಿವೆ. ರೋವನ್ ಗಿಲೆಸ್ಪಿ ಮಾಡಿದ್ದು, 1997ರಲ್ಲಿ ಇಟ್ಟದ್ದು. ಎಲುಬಿನ ಗೂಡಾದ ಗಂಡಸರು, ಹೆಂಗಸರು ಹಡಗಿನ ಕಡೆಗೆ ನಡೆಯುತ್ತಿದ್ದಾರೆ. ಒಬ್ಬನ ಹೆಗಲ ಮೇಲೆ ಒಂದು ಜೀವ ಜೋತು ಬಿದ್ದಿದೆ. ಹಿಂದೆ ಒಂದು ನಾಯಿ. ಮೂರು ವರ್ಷ ಅದರ ಪಕ್ಕದಲ್ಲೇ ಕಾಫಿ ಹಿಡಿದು ನಡೆದಿದ್ದೇನೆ. ಒಂದು ದಿನ ಮಾತ್ರ ನಿಂತು ಓದಿದೆ.

1845ರಲ್ಲಿ ಇಲ್ಲಿಯ ಆಲೂಗೆಡ್ಡೆಗೆ ಈ ಬ್ಲೈಟ್ ರೋಗ ಬಂತು. ಬಡವರು ಬೆಳೆಯುತ್ತಿದ್ದದ್ದು ಹೆಚ್ಚಾಗಿ ಲಂಪರ್ ಎನ್ನುವ ಒಂದೇ ತಳಿ. ಮೂರರಲ್ಲಿ ಒಂದು ಪಾಲು ಜನಕ್ಕೆ ಆಲೂಗೆಡ್ಡೆ ಬಿಟ್ಟರೆ ಬೇರೆ ಊಟವಿರಲಿಲ್ಲ. 1852ರ ಹೊತ್ತಿಗೆ ಸುಮಾರು 10 ಲಕ್ಷ ಜನ ಸತ್ತರು, ಇನ್ನೂ ಅಷ್ಟೇ ಜನ ದೇಶ ಬಿಟ್ಟರು. ಆ ವರ್ಷಗಳಲ್ಲೂ ಇಲ್ಲಿಂದ ದನ, ಬೆಣ್ಣೆ ಹಡಗು ತುಂಬಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ನನ್ನ ತಟ್ಟೆಯಲ್ಲಿ ಈಗ ಪಕ್ಕಪಕ್ಕ ಇರುವ ಮೂರೂ, ಮಾಂಸ, ಬೆಣ್ಣೆ, ಆಲೂಗೆಡ್ಡೆ, ಆ ಜನರ ತಟ್ಟೆಯಲ್ಲಿ ಒಟ್ಟಿಗೆ ಇರಲೇ ಇಲ್ಲ. ಇದ್ದದ್ದು ಒಂದು. ಅದೂ ಮಣ್ಣಿನೊಳಗೇ ಕೊಳೆಯಿತು.

ಆ ರಾತ್ರಿ ಮನೆಗೆ ಬಂದು ರೋಗದ ಹೆಸರು ಹುಡುಕಿದೆ. ಫೈಟಾಪ್ತೋರಾ ಇನ್‌ಫೆಸ್ಟನ್ಸ್. ಆಮೇಲೆ ಕನ್ನಡದಲ್ಲಿ ಅಂಗಮಾರಿ ಅಂತ ಹುಡುಕಿದೆ. ಅದೇ ಹೆಸರು. ನಿಮ್ಮ ಪುತ್ತೂರಿನ ಅಡಿಕೆ ತೋಟಕ್ಕೆ ಮಳೆಗಾಲದಲ್ಲಿ ಬರುವ ಕೊಳೆರೋಗ ಇದೆಯಲ್ಲ, ಅದೂ ಇದರ ದಾಯಾದಿಯೇ. ನೀವು ಮೈಲುತುತ್ತ, ಸುಣ್ಣ ಕಲಸಿ ಹೊಡೆಯುವ ಬೋರ್ಡೋ ಮದ್ದು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಹೊಳೆದದ್ದು 1880ರ ದಶಕದಲ್ಲಿ. ಇಲ್ಲಿಯ ಆ ಜನಕ್ಕೆ ಅದು ನಲವತ್ತು ವರ್ಷ ತಡ.

ನೆನಪಿದೆಯಾ, ನೀನು ಪ್ರತಿ ಮಳೆಗಾಲ ರಜೆ ಹಾಕಿ ಊರಿಗೆ ಓಡುತ್ತಿದ್ದೆ. "ಅಡಿಕೆಗೆ ಮದ್ದು ಬಿಡ್ಲಿಕ್ಕಿದೆ, ಅಪ್ಪ ಒಬ್ರೇ ಮಾಡ್ಲಿಕ್ಕೆ ಆಗೂದಿಲ್ಲ" ಅನ್ನುತ್ತಿದ್ದೆ. ನಾನು ನಗುತ್ತಿದ್ದೆ. ಇಷ್ಟು ಓದಿದವನು ಮದ್ದು ಬಿಡಲು ಹೋಗುತ್ತಾನೆ ಅಂತ. ಅದಕ್ಕೆ ಕ್ಷಮಿಸು.

ಇಲ್ಲಿಗೆ ನಿಲ್ಲಿಸಬೇಕು ಅಂದುಕೊಂಡಿದ್ದೆ. ಆಗುತ್ತಿಲ್ಲ. ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದೆ ಇದೇ ಜುಲೈ. ಹೀಗೇ ಸ್ಟೇಕ್ ಮಾಡುತ್ತಿದ್ದೆ. ಕಾವಲಿ ಹೊಗೆಯಾಡುತ್ತಿತ್ತು, ಮಾಂಸ ಆಗಷ್ಟೇ ಇಟ್ಟಿದ್ದೆ. ಸಂಜೆ ಆರು ಗಂಟೆ. ಅಪ್ಪನ ಫೋನ್ ಬಂತು. "ಮಗ, ಆ ದೇಶದಲ್ಲಿ ಆಲೂಗೆಡ್ಡೆಗೆ..." ಅಂದರು. ನಾನು ಮಾತು ಮುಗಿಸಲು ಬಿಡಲಿಲ್ಲ. "ಒಲೆ ಮೇಲಿಟ್ಟಿದ್ದೀನಪ್ಪ, ಆಮೇಲೆ ಮಾಡ್ತೀನಿ" ಅಂದೆ. ಅಪ್ಪ "ಆಯ್ತು, ಉಣ್ಣು" ಅಂದರು.

ಆಮೇಲೆ ಮಾಡಲಿಲ್ಲ. ಮಾರನೇ ದಿನವೂ ಮಾಡಲಿಲ್ಲ. ಇಲ್ಲಿ ಆರು ಅಂದರೆ ಊರಲ್ಲಿ ರಾತ್ರಿ ಹತ್ತೂವರೆ. ಒಂಬತ್ತಕ್ಕೆಲ್ಲ ಮಲಗುವ ಮನುಷ್ಯ ಅಷ್ಟು ಹೊತ್ತಿನಲ್ಲಿ ಯಾಕೆ ಫೋನ್ ಮಾಡಿದರು ಅಂತ ನನಗೆ ಹೊಳೆಯಲೇ ಇಲ್ಲ. ಭಾನುವಾರ ಅಮ್ಮ ಹೇಳಿದರು. ಎಂಟು ದಿನ ಬಿಸಿಲು ಕಾಣದೆ ಸೋನೆ ಹಿಡಿದು, ಎಲೆ ಎಲ್ಲ ಕಪ್ಪಾಗಿ ನಾರುತ್ತಿತ್ತಂತೆ. ಮೂರು ಸಲ ಔಷಧಿ ಹೊಡೆದರೂ ನಿಲ್ಲಲಿಲ್ಲ. ಅಪ್ಪ ಎರಡು ಎಕರೆಗೆ ಟ್ರ್ಯಾಕ್ಟರ್ ಹೊಡೆಸಿ ಮಗುಚಿಬಿಟ್ಟಿದ್ದರು. "ಅಲ್ಲಿಯೋರು ಇದಕ್ಕೆ ಏನು ಹೊಡೀತಾರೆ ಅಂತ ನಿನ್ನ ಕೇಳ್ಬೇಕು ಅಂತಿದ್ರು" ಅಂದರು ಅಮ್ಮ.

ಅದೇ ದಿನ ದುಡ್ಡು ಕಳಿಸಿದೆ. ಅಪ್ಪ ಕೇಳಿದ್ದು ದುಡ್ಡಲ್ಲ.

ಈಗ ಅವರ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇದೆ. ಇಲ್ಲಿಯವರು ರೋಗ ಕಂಡ ಮೇಲೆ ಹೊಡೆಯುವುದಿಲ್ಲ. ಬರುವ ಮೊದಲೇ ಶುರು ಮಾಡಿ, ವಾರ ಹತ್ತು ದಿನಕ್ಕೊಮ್ಮೆ ಹೊಡೆಯುತ್ತಲೇ ಇರುತ್ತಾರೆ. ರೋಗ ತಡೆಯುವ ತಳಿಗಳೂ ಬಂದಿವೆ. ಆದರೆ ಅಪ್ಪ ಈಗ ಆಲೂಗೆಡ್ಡೆ ಹಾಕುವುದಿಲ್ಲ. ಆ ಎರಡು ಎಕರೆಯಲ್ಲಿ ಮುಸುಕಿನ ಜೋಳ ಇದೆ. ನಮ್ಮ ಊರಲ್ಲಿ ಸುಮಾರು ಜನ ಅದಕ್ಕೇ ಹೋಗಿದ್ದಾರೆ. ಅಪ್ಪ ಆ ಫೋನಿನ ಮಾತು ಇವತ್ತಿನವರೆಗೆ ಎತ್ತಿಲ್ಲ. ನಾನೂ ಎತ್ತಿಲ್ಲ.

ಇಷ್ಟೆಲ್ಲ ಬರೆಯುವುದು ನನ್ನ ಯೋಚನೆಯಲ್ಲಿ ಇರಲಿಲ್ಲ ಡಾಕ್ಟ್ರೇ. ಮಸೆದ ಆಲೂಗೆಡ್ಡೆಗೆ ಬಿಸಿ ಹಾಲು ಹಾಕಬೇಕಾ ತಣ್ಣನೆಯದಾ ಅಂತ ನಿನ್ನ ಜೊತೆ ಜಗಳ ಆಡೋಣ ಅಂತ ಕೂತದ್ದು. ಬಿಸಿಯದೇ ಸರಿ, ಅದನ್ನು ಬಿಟ್ಟುಕೊಡುವುದಿಲ್ಲ.

ಸ್ಟೇಕ್ ತಣ್ಣಗಾಗಿದೆ. ಪರವಾಗಿಲ್ಲ. ನಾಳೆ ತೆಳ್ಳಗೆ ಹೆಚ್ಚಿ, ಈರುಳ್ಳಿ, ಕಾಳುಮೆಣಸಿನ ಜೊತೆ ಹುರಿದು ಚಪಾತಿಯೊಳಗೆ ಸುತ್ತುತ್ತೇನೆ. ಆಲೂಗೆಡ್ಡೆ ಮಾತ್ರ ಪೂರ್ತಿ ತಿಂದೆ, ಪಾತ್ರೆ ಕೆರೆದು.

ಈಗ ಊರಲ್ಲಿ ನಡುರಾತ್ರಿ. ಅಪ್ಪ ಬೆಳಿಗ್ಗೆ ಐದಕ್ಕೆ ಏಳುತ್ತಾರೆ, ನನಗೆ ಆಗ ಹನ್ನೆರಡೂವರೆ. ಎಚ್ಚರ ಇರುತ್ತೇನೆ. ಇಲ್ಲಿ ಇವತ್ತು ಅಂಗಮಾರಿ ಎಚ್ಚರಿಕೆ ಬಂದಿದೆ ಅಂತ ಹೇಳುತ್ತೇನೆ. ಮಿಕ್ಕಿದ್ದು ಅವರು ಕೇಳಲಿ.

ಡಿಸೆಂಬರ್‌ಗೆ ಬರ್ತೀನಿ. ಆಂಟಿಯ ಕಾವಲಿ ಇನ್ನೂ ನಿನ್ನ ಹತ್ತಿರವೇ ಇದೆ ಅಂತ ನನಗೆ ಗೊತ್ತು. ಸೋಪು ಹಾಕಿ ತೊಳೆದು ಇಡಬೇಡ. ಅಂಡರ್‌ಕಟ್ ನೀನು ತಾ, ಆಲೂಗೆಡ್ಡೆ ನಾನು ತರ್ತೀನಿ.

ನಿನ್ನ,
ಹಾಸನದವನು