ಬಸ್ಸಿನ ಬೋರ್ಡ್ ನಿಂತು ಮಾತಾಡಲಿ: ಸಾರಿಗೆ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರೇ,

ನಮಸ್ಕಾರ. ಹೊಸ ಬಸ್ ಕೊಳ್ಳುವಾಗ ಎಂಜಿನ್, ಬ್ಯಾಟರಿ, ಸೀಟಿನ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ. ನಾನು ಕೇಳುತ್ತಿರುವುದು ಬಸ್ಸು ಎಲ್ಲಿಗೆ ಹೋಗುತ್ತದೆ ಅಂತ ಹೇಳುವ ಮುಂದುಗಡೆಯ ಬೋರ್ಡಿನ ಬಗ್ಗೆ.

ರಸ್ತೆಯಲ್ಲೇ ಹಾಕಿದ ಹಳಿಯ ಮೇಲೆ ಓಡುವ ಟ್ರಾಮ್ ಗಾಡಿಗಳ ಕಾಲದಲ್ಲಿ ಅರ್ಧ ದಾರಿಯನ್ನು ಹಳಿಯೇ ಹೇಳುತ್ತಿತ್ತು. ಹಳಿ ಬಿಟ್ಟು ಅದು ಎಲ್ಲಿಗೂ ಹೋಗುವಂತಿರಲಿಲ್ಲ ಅಲ್ವಾ? ಲಂಡನ್ನಿನ ಹಳೇ ಟ್ರಾಮ್‌ಗಳು 1952ರ ಜುಲೈನಲ್ಲಿ ನಿಂತವು. ಮದ್ರಾಸಿನವು 1953ರಲ್ಲಿ, ಮುಂಬೈಯವು 1964ರ ಮಾರ್ಚ್ 31ರ ರಾತ್ರಿ. ಹಳಿ, ತಂತಿ ನೋಡಿಕೊಳ್ಳುವ ಖರ್ಚು ಜಾಸ್ತಿ, ನಡುರಸ್ತೆಯಲ್ಲಿ ಮೋಟಾರು ಗಾಡಿಗಳಿಗೆ ಅಡ್ಡ ಎಂದರು. ಬಸ್ಸಾದರೆ ಯಾವ ಬೀದಿಗೆ ಬೇಕಾದರೂ ತಿರುಗುತ್ತದೆ. ಸರಿ, ಆದರೆ ಈ ಬಸ್ಸು ಯಾವ ಬೀದಿಗೆ ತಿರುಗುತ್ತದೆ ಅಂತ ಸ್ಟಾಪಿನಲ್ಲಿ ನಿಂತವರಿಗೆ ಹೇಳುವವರು ಯಾರು? ಬೋರ್ಡ್ ಒಂದೇ.

ಹಿಂದಿನವರು ಇದನ್ನು ಚೆನ್ನಾಗಿ ಅರಿತಿದ್ದರು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಟ್ರಾಮ್‌ಗಳ ಮೈಮೇಲೆ ಒಂದೊಂದು ಮಾರ್ಗಕ್ಕೆ ಕೆಂಪು, ನೀಲಿ, ಹಸಿರು, ಹಳದಿ ಅಂತ ಬಣ್ಣದ ಪಟ್ಟಿ ಇರುತ್ತಿತ್ತು. ಓದು ಬಾರದವರಿಗೂ ಅದು ಸಾಕು. ಲಂಡನ್ನಿನ ಬಸ್ಸುಗಳಲ್ಲಿ ಬಟ್ಟೆಯ ಸುರುಳಿ ಇತ್ತು. ಕಪ್ಪು ಬಟ್ಟೆಯ ಮೇಲೆ ಒಂದರ ಕೆಳಗೊಂದು ದಪ್ಪ ಬಿಳಿ ಅಕ್ಷರದಲ್ಲಿ ಊರು, ಬಡಾವಣೆಗಳ ಹೆಸರು. ಕಂಡಕ್ಟರ್ ಹಿಡಿಕೆ ತಿರುಗಿಸಿದರೆ ಬೇಕಾದ ಹೆಸರು ಗಾಜಿನ ಹಿಂದೆ ಬಂದು ನಿಲ್ಲುತ್ತಿತ್ತು. ಹಿಂದೆ ದೀಪ, ಹಾಗಾಗಿ ರಾತ್ರಿಯೂ ಕಾಣುತ್ತಿತ್ತು. ಮುಂದಿನ ಟ್ರಿಪ್ಪಿನವರೆಗೆ ಹೆಸರು ಕದಲುತ್ತಿರಲಿಲ್ಲ.

ಈಗಿನ ಎಷ್ಟೋ ಎಲ್‌ಇಡಿ ಬೋರ್ಡುಗಳಲ್ಲಿ ಅಕ್ಷರ ಸುಮ್ನೆ ಓಡುತ್ತಲೇ ಇರುತ್ತದೆ. ನಮಗೆ ಬೇಕಾದ ಹೆಸರು ಬರುವಷ್ಟರಲ್ಲಿ ಬಸ್ಸೇ ಮುಂದೆ ಹೋಗಿರುತ್ತದೆ. ಕಣ್ಣು ಮಂಜಾದ ಹಿರಿಯರು ಪಕ್ಕದವರನ್ನು ಕೇಳಬೇಕು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ? ಇದನ್ನು ಸರಿಪಡಿಸಲು ಹೊಸ ಯಂತ್ರ ಬೇಡ, ಸೆಟ್ಟಿಂಗ್ ಬದಲಾಯಿಸಿದರೂ ಸಾಕಾಗಬಹುದು.

ದಯವಿಟ್ಟು ಮುಂದಿನ ಟೆಂಡರಿನಲ್ಲೇ ಬರೆಸಿ: ನಂಬರ್ ದೊಡ್ಡದಾಗಿರಬೇಕು, ಕೊನೆಯ ಸ್ಟಾಪಿನ ಹೆಸರು ಓಡದೆ ನಿಲ್ಲಬೇಕು, ಬಾಗಿಲ ಪಕ್ಕದಲ್ಲೂ ಹಿಂದುಗಡೆಯೂ ಬೋರ್ಡ್ ಇರಬೇಕು. ಒಪ್ಪಿಗೆ ಕೊಡುವ ಮುಂಚೆ ಒಂದು ಬಸ್ಸನ್ನು ಸಂಜೆಗತ್ತಲಲ್ಲಿ ಓಡಿಸಿ, ಸ್ಟಾಪಿನಲ್ಲಿ ವಯಸ್ಸಾದವರನ್ನು ನಿಲ್ಲಿಸಿ ಓದಲು ಹೇಳಿ.

ಇನ್ನೊಂದು ಮಾತು. ಡಿಪೋಗಳಲ್ಲಿ ಹಳೇ ಸುರುಳಿ, ತಗಡಿನ ಬೋರ್ಡುಗಳು ಉಳಿದಿದ್ದರೆ ಗುಜರಿಗೆ ಹಾಕಬೇಡಿ. ಯಾವ ಬಡಾವಣೆಗೆ ಬಸ್ ಹೋಗುತ್ತಿತ್ತು, ಯಾವ ಹೆಸರು ಆಮೇಲೆ ಸೇರಿತು ಅನ್ನುವುದೆಲ್ಲ ಅವುಗಳಲ್ಲೇ ಇದೆ. ಅವನ್ನು ಮ್ಯೂಸಿಯಂಗೆ ಕೊಡಿಸಿ.

ಇಂತಿ,
ದಿನವೂ ಬಸ್ಸಿಗೆ ಕಾಯುವ ಒಬ್ಬ ಪ್ರಯಾಣಿಕ