ಮಾತ್ರೆ ನಿಲ್ಲಿಸಬೇಡ ಅಮ್ಮ

ಡಬ್ಲಿನ್,
ಫೆಬ್ರವರಿ 16

ಪ್ರೀತಿಯ ಅಮ್ಮನಿಗೆ,

ಯೇಸುವಿಗೆ ಸ್ತೋತ್ರ. ನಾನು ಇಲ್ಲಿ ಕ್ಷೇಮ. ಮೊನ್ನೆ ಫೋನಿನಲ್ಲಿ ನೀನು ಅಳುತ್ತಿದ್ದೆ, ಇತ್ತ ವಾರ್ಡಿನಲ್ಲಿ ಗಂಟೆ ಬಾರಿಸುತ್ತಿತ್ತು. ಮಾತು ಅರ್ಧಕ್ಕೇ ನಿಂತಿತು. ಅದಕ್ಕೇ ಈ ಕಾಗದ. ಅಪ್ಪನಿಗೂ ಓದಿ ಹೇಳು, ತಮ್ಮ ವಿನ್ಸಿಯ ಕೈಗೂ ಕೊಡು. ಅವನ ಮೂರ್ಛೆರೋಗವನ್ನು ಅವನಿಂದಲೇ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಪ್ರಾರ್ಥನಾಕೂಟದಲ್ಲಿ ಯಾರೋ ‘ವಿಶ್ವಾಸವಿದ್ದವನಿಗೆ ಮಾತ್ರೆ ಏಕೆ’ ಎಂದರಂತೆ. ಹಾಗೆ ಹೇಳಿದವರು ರಾತ್ರಿ ಎರಡು ಗಂಟೆಗೆ ಅವನ ಪಕ್ಕದಲ್ಲಿ ಕೂರುವುದಿಲ್ಲ ಅಮ್ಮ. ಮಿದುಳಿನ ನರಕೋಶಗಳು ಒಂದರೊಡನೊಂದು ಮಾತನಾಡುವುದು ಸಣ್ಣ ವಿದ್ಯುತ್ತಿನಿಂದ. ಅವೆಲ್ಲ ಒಮ್ಮೆಲೇ ಅಂಕೆ ಮೀರಿ ಹೊತ್ತಿಕೊಂಡರೆ ಫಿಟ್ಸ್ ಬರುತ್ತದೆ. ಮಾತ್ರೆ ಅದನ್ನು ಹತೋಟಿಯಲ್ಲಿಡುತ್ತದೆ. ಥಟ್ಟನೆ ನಿಲ್ಲಿಸಿದರೆ ಒಂದರ ಹಿಂದೊಂದು ಬಿಡದೆ ಬಂದು ಜೀವಕ್ಕೇ ಅಪಾಯವಾಗಬಹುದು. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ಕಾಯಿಲೆಯಿದೆ; ಸರಿಯಾದ ಚಿಕಿತ್ಸೆ ಸಿಕ್ಕರೆ ನೂರರಲ್ಲಿ 70 ಮಂದಿಯವರೆಗೆ ಫಿಟ್ಸ್ ಇಲ್ಲದೆ ಬದುಕಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಎಪ್ಪತ್ತರಲ್ಲಿ ನಮ್ಮವನೂ ಇರಲಿ ಎಂದೇ ನಾನು ಜಪಸರ ಹಿಡಿಯುವುದು.

ಮಾರ್ಕನ ಶುಭಸಂದೇಶದ 9ನೆಯ ಅಧ್ಯಾಯವನ್ನು ಇನ್ನೊಮ್ಮೆ ನಿಧಾನವಾಗಿ ಓದು. ನೊರೆ ಕಾರಿ, ಹಲ್ಲು ಕಡಿದು, ಮೈ ಸೆಟೆದು ಬೀಳುವ ಹುಡುಗನನ್ನು ತಂದೆಯೊಬ್ಬ ಕರೆತರುತ್ತಾನೆ. ಆ ತಂದೆಯನ್ನು ಯೇಸು ಮೊದಲು ಕೇಳುವುದೇನು ಗೊತ್ತೇ? ಇದು ಶುರುವಾಗಿ ಎಷ್ಟು ಕಾಲವಾಯಿತು ಎಂದು! ನಮ್ಮ ಆಸ್ಪತ್ರೆಯಲ್ಲಿ ಡಾಕ್ಟರರು ಕೇಳುವುದೂ ಅದನ್ನೇ. ಅಲ್ಲಿ ದುರಾತ್ಮವೆಂದು ಬರೆದಿದೆ, ನಿಜ. ಆದರೆ ಯೇಸು ಹುಡುಗನನ್ನು ಗದರಲಿಲ್ಲ, ಯಾರ ಪಾಪವೆಂದು ವಿಚಾರಿಸಲಿಲ್ಲ, ಕೈಹಿಡಿದು ಎಬ್ಬಿಸಿದರು. ನಂಬುತ್ತೇನೆ, ನನ್ನ ಅಪನಂಬಿಕೆಯನ್ನೂ ನೀವೇ ನೀಗಿಸಿ ಎಂದು ಗೋಗರೆದ ಆ ತಂದೆಯನ್ನು ಹಿಂದಕ್ಕೂ ಕಳಿಸಲಿಲ್ಲ. ನಿನ್ನ ವಿಶ್ವಾಸ ಸಾಲದ್ದಕ್ಕೆ ಮಗನಿಗೆ ಹೀಗಾಯಿತು ಎಂದವರಿಗೆ ಈ ಸಾಲನ್ನು ತೋರಿಸು. ಬೈಬಲಿನ ಸಿರಾಖ ಗ್ರಂಥದ 38ನೆಯ ಅಧ್ಯಾಯವೂ ವೈದ್ಯನನ್ನು ಗೌರವಿಸು, ಔಷಧಿಯನ್ನು ಭೂಮಿಯಿಂದ ಬರಿಸಿದವನು ದೇವರೇ ಎನ್ನುತ್ತದೆ.

ಆ ತಂದೆಯ ಇನ್ನೊಂದು ಮಾತಿದೆ: ಎಷ್ಟೋ ಸಲ ಮಗ ಬೆಂಕಿಗೂ ನೀರಿಗೂ ಬಿದ್ದಿದ್ದಾನೆ ಎಂದು. ಇವತ್ತಿಗೂ ನಾವು ಎಚ್ಚರ ವಹಿಸಬೇಕಾದ್ದು ಅವೆರಡಕ್ಕೇ. ವಿನ್ಸಿ ಬಚ್ಚಲಿನ ಚಿಲಕ ಹಾಕದಿರಲಿ, ಹಂಡೆಯ ಒಲೆಗೆ ಬೇರೆಯವರು ಸೌದೆ ಒಟ್ಟಲಿ, ತೋಟದ ಕೆರೆಗೆ ಒಬ್ಬನೇ ಇಳಿಯುವುದು ಬೇಡ. ಕರಿಮೆಣಸು ಕೊಯ್ಯಲು ಸಿಲ್ವರ್ ಓಕ್ ಮರಕ್ಕೆ ಏಣಿಯಿಟ್ಟು ಹತ್ತುವುದಂತೂ ಬೇಡವೇ ಬೇಡ. ಅವನು ಮುಖ ಊದಿಸಿಕೊಳ್ಳುತ್ತಾನೆ, ಊದಿಸಿಕೊಳ್ಳಲಿ. ಬೈಕಿನ ಕೀಲಿ ಅಪ್ಪನ ಹತ್ತಿರವೇ ಇರಲಿ.

ಹೋದ ತಿಂಗಳು ಕಣದಲ್ಲಿ, ಒಣಹಾಕಿದ ಕಾಫಿಯ ಮೇಲೆ ಬಿದ್ದಾಗ ಬಾಯಿಗೆ ಸೌಟು ತುರುಕಿ ಅವನ ಮುಂದಿನ ಹಲ್ಲು ಮುರಿದರಲ್ಲ, ಅದು ಮತ್ತೆ ಆಗಕೂಡದು. ಬಾಯಿಗೆ ಏನನ್ನೂ ಇಡಬೇಡಿ, ನೀರೂ ಬೇಡ. ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟರೆ ಏನೂ ಪ್ರಯೋಜನವಿಲ್ಲ. ಕೈಕಾಲು ಅದುಮಿ ಹಿಡಿಯದೆ, ತಲೆಯ ಕೆಳಗೆ ಖಾಲಿ ಗೋಣಿಚೀಲ ಮಡಿಸಿಟ್ಟು, ಅದುರುವುದು ನಿಂತ ಕೂಡಲೇ ಮಗ್ಗುಲಿಗೆ ಹೊರಳಿಸಿ ಮಲಗಿಸಿ. ಗಡಿಯಾರ ನೋಡುತ್ತಿರಿ. 5 ನಿಮಿಷ ದಾಟಿದರೆ ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೊರಡಿ, ಮಳೆಯಿರಲಿ ಬಿಸಿಲಿರಲಿ.

ದೊಡ್ಡಮ್ಮ ಅವನ ಮದುವೆಯ ಚಿಂತೆಯನ್ನು ಈಗಲೇ ಹೊತ್ತಿದ್ದಾರಂತೆ. ಹಿಂದೂ ವಿವಾಹ ಕಾಯ್ದೆಯಿಂದಲೂ ವಿಶೇಷ ವಿವಾಹ ಕಾಯ್ದೆಯಿಂದಲೂ ಮೂರ್ಛೆರೋಗದ ಅಡ್ಡಿಯನ್ನು 1999ರಲ್ಲೇ ತೆಗೆದುಹಾಕಿದ್ದಾರೆ ಎಂದು ಹೇಳು. ಕಾನೂನು ಬಿಟ್ಟಿದ್ದನ್ನು ಅವರೇಕೆ ಹಿಡಿದುಕೊಂಡಿದ್ದಾರೋ! ಹುಡುಗಿಯ ಕಡೆಯವರಿಗೆ ಮುಂಚೆಯೇ ತಿಳಿಸಿದರಾಯಿತು.

ಇಲ್ಲಿ ವೈಟ್‌ಫ್ರಯರ್ ಸ್ಟ್ರೀಟಿನ ಕಾರ್ಮೆಲ್ ಸಭೆಯ ಚರ್ಚಿನಲ್ಲಿ ಸಂತ ವ್ಯಾಲೆಂಟೈನರ ಅವಶೇಷಗಳಿವೆ; ಪೋಪ್ ಹದಿನಾರನೆಯ ಗ್ರೆಗೊರಿ ಕೊಟ್ಟಿದ್ದು, 1836ರಲ್ಲಿ ಇಲ್ಲಿಗೆ ಬಂತು. ಮೊನ್ನೆ ಅವರ ಹಬ್ಬಕ್ಕೆ ಜೋಡಿಗಳ ನೂಕುನುಗ್ಗಲು. ಮೂರ್ಛೆರೋಗಿಗಳ ಪಾಲಕ ಸಂತರೂ ಅವರೇ ಎಂಬುದು ಅಲ್ಲಿದ್ದ ಎಷ್ಟು ಮಂದಿಗೆ ಗೊತ್ತಿತ್ತೋ. ವಿನ್ಸಿಯ ಹೆಸರಿನಲ್ಲಿ ಒಂದು ಮೇಣದಬತ್ತಿ ಹಚ್ಚಿ ಬಂದೆ. ನೀನು ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದಲ್ಲಿ ಒಂದು ಪೂಜೆ ಹೇಳಿಸು.

ಡಾಕ್ಟರರ ಚೀಟಿಯ ಫೋಟೋ ತೆಗೆದು ವಿನ್ಸಿಯೇ ನನಗೆ ಕಳುಹಿಸಲಿ. ಮಾತ್ರೆ ಮುಗಿಯಲು ವಾರವಿರುವಾಗಲೇ ಅಪ್ಪ ಪೇಟೆಯಿಂದ ತಂದಿಡಲಿ, ದುಡ್ಡು ಹಾಕಿದ್ದೇನೆ. ರಾತ್ರಿ ಹೊತ್ತು ಮೊಬೈಲ್ ನೋಡುತ್ತ ನಿದ್ದೆಗೆಟ್ಟರೆ ನನಗೆ ತಿಳಿಸು, ನಾನೇ ಬೈಯುತ್ತೇನೆ.

ನಿನ್ನ ಮಗಳು,
ಶೀಲಾ